ವೃದ್ಧಾಶ್ರಮದಲ್ಲಿ 'ಅವರವರ ಇಷ್ಟದಂತೆ ಆರೈಕೆ' ಅಂದರೆ ನಿಜಕ್ಕೂ ಏನು?

ನಿಮ್ಮ ತಂದೆಯವರಿಗೆ ಮರೆವಿನ ಕಾಯಿಲೆ. ನೀವು ನೋಡಿ ಬಂದ ಆಶ್ರಮದವರು 'ಅವರವರ ಇಷ್ಟದಂತೆ ಆರೈಕೆ' ಎಂದಿದ್ದಾರೆ, ನಂಬುವುದು ಹೇಗೆ ಎಂದು ಕೇಳಿದ್ದೀರಿ. ನಾನು ಒಂಬತ್ತು ವರ್ಷ ಇಂಥ ಕಡೆ ಕೆಲಸ ಮಾಡಿದ್ದೇನೆ. ನಮ್ಮ ಗೋಡೆಯ ಮೇಲೂ ಅದೇ ಬೋರ್ಡ್ ಇತ್ತು!

ಅಲ್ಲಿಗೆ ಒಬ್ಬ ಅಜ್ಜ ಬಂದರು. ಬಸ್ ಕಂಡಕ್ಟರ್ ಆಗಿದ್ದವರು. ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ಷರ್ಟ್ ಹಾಕಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ತಡೆದರೆ ಕೂಗಾಟ. ನಾವು ರಿಜಿಸ್ಟರಿನಲ್ಲಿ 'ರಾತ್ರಿ ಗಲಾಟೆ' ಎಂದು ಬರೆದೆವು. ನಿದ್ದೆ ಮಾತ್ರೆ ಶುರುವಾಯಿತು. ಅಜ್ಜ ಮಧ್ಯಾಹ್ನದವರೆಗೂ ತೂಕಡಿಸತೊಡಗಿದರು. ಒಮ್ಮೆ ಬಚ್ಚಲ ಹತ್ತಿರ ಬಿದ್ದೂಬಿಟ್ಟರು.

ಅವರ ಮಗಳು ಬಂದಾಗ ನಮ್ಮ ಅಡುಗೆಯಮ್ಮ ಸುಮ್ನೆ ಮಾತಿಗೆ ವಿಚಾರಿಸಿದರು. ಎಷ್ಟೋ ವರ್ಷ ಐದು ಗಂಟೆಯ ಫಸ್ಟ್ ಬಸ್ ಇವರದ್ದೇ ಅಂತೆ. ನಮಗ್ಯಾರಿಗೂ ಕೇಳಬೇಕು ಅಂತಲೇ ಹೊಳೆದಿರಲಿಲ್ಲ. ಆಮೇಲೆ ಡಾಕ್ಟರ್ ಮಾತ್ರೆ ನಿಲ್ಲಿಸಿದರು. ಅಡುಗೆಯಮ್ಮ ಹೇಗೂ ನಾಲ್ಕೂವರೆಗೆ ಒಲೆ ಹಚ್ಚುತ್ತಿದ್ದರಲ್ವಾ, ಅಲ್ಲೇ ಒಂದು ಸ್ಟೂಲ್ ಹಾಕಿ, ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಅಜ್ಜ ಕುಡಿದು, "ರೈಟ್, ಹೋಗೋಣ" ಎಂದು ವರಾಂಡದಲ್ಲಿ ಎರಡು ಸುತ್ತು ಹಾಕಿ ತಾವೇ ಹೋಗಿ ಮಲಗುತ್ತಿದ್ದರು. ದಿನವೂ ಅಲ್ಲ. ಕೆಲವು ದಿನ ಗೇಟೇ ಬೇಕು. ಆಗ ಯಾರಾದರೂ ಜೊತೆಗೆ ರಸ್ತೆಯ ತುದಿವರೆಗೆ ಹೋಗಿ ಬರಬೇಕಿತ್ತು.

ಕಷ್ಟ ಇರುವುದೇ ಆ 'ಯಾರಾದರೂ' ಎಂಬಲ್ಲಿ. ರಾತ್ರಿ ಪಾಳಿಯಲ್ಲಿ ಇಪ್ಪತ್ತೆರಡು ಜನಕ್ಕೆ ನಾನೊಬ್ಬಳೇ ಇದ್ದ ದಿನಗಳಿವೆ. ಹಾಗಾಗಿ ಬೋರ್ಡ್ ಬಿಡಿ, ರಾತ್ರಿ ಎಷ್ಟು ಸಿಬ್ಬಂದಿ ಇರುತ್ತಾರೆ ಅಂತ ಕೇಳಿ. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ರೋಗಿಯನ್ನು ಕಟ್ಟಿಹಾಕುವಂತಿಲ್ಲ ಎಂದು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ನಾವು ಹಗ್ಗ ಹಾಕಿರಲಿಲ್ಲ, ನಿಜ. ಮಾತ್ರೆ ಮಾಡಿದ್ದೂ ಅದೇ ಕೆಲಸ.

ಬ್ರಿಟನ್ನಿನ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ 1990ರ ದಶಕದಲ್ಲೇ ಇದನ್ನು ಹೇಳಿದ್ದರು. ಮರೆವಿನವರ ನಡವಳಿಕೆಗೆಲ್ಲ ಮಿದುಳನ್ನೇ ದೂರಬೇಡಿ, ಸುತ್ತಲಿನವರು ಅವರನ್ನು ನಡೆಸಿಕೊಳ್ಳುವ ರೀತಿಯೂ ಕಾರಣ ಅಂತ.

ನೀವೇ ಒಂದು ಹಾಳೆಯಲ್ಲಿ ಬರೆದು ಕೊಡಿ. ಎಷ್ಟು ಹೊತ್ತಿಗೆ ಏಳುತ್ತಾರೆ, ಸ್ನಾನ ತಿಂಡಿಗೆ ಮುಂಚೆಯೋ ಆಮೇಲೋ, ಯಾವುದಕ್ಕೆ ಹೆದರುತ್ತಾರೆ. ತಿಂಗಳು ಬಿಟ್ಟು ಹೋದಾಗ ಅದರಲ್ಲಿ ಏನಿದೆ ಅಂತ ರಾತ್ರಿ ಪಾಳಿಯ ಆಯಾಗೆ ಕೇಳಿ ನೋಡಿ. ಆಫೀಸಿನವರಿಗೆ ಗೊತ್ತಿದ್ದರೆ ಸಾಲದು. ಏನೆಂದು ಕರೆದರೆ ತಿರುಗಿ ನೋಡುತ್ತಾರೆ ಅಂತಲೂ ಬರೆಯಿರಿ. ನಮ್ಮ ಅಜ್ಜ 'ತಾತ' ಅಂದರೆ ಕೇಳಿಸದವರಂತೆ ಕೂತಿರುತ್ತಿದ್ದರು. 'ಕಂಡಕ್ಟ್ರೇ' ಅಂದರೆ ತಕ್ಷಣ ಜೇಬು ತಡವಿಕೊಳ್ಳುತ್ತಿದ್ದರು.