ಒಂದು ಕಡ್ಡಿ ಕೊಟ್ಟರೆ ಅವರದೇನು ಹೋಗುತ್ತೆ?

ಓದುಗರ ಪತ್ರ: ಅಪರೂಪದ ಗಿಡಗಳಿರುವ ಒಂದು ಸಸ್ಯೋದ್ಯಾನಕ್ಕೆ ಹೋಗಿದ್ದೆ. ಒಂದು ಗಿಡದ ಕಡ್ಡಿ ಕೊಡಿ ಅಂತ ಕೇಳಿದೆ. "ಕೊಡೋ ಹಾಗಿಲ್ಲ" ಅಂದರು, ಯಾಕೆ ಅಂತ ಹೇಳಲಿಲ್ಲ. ಹಿಂದೆಲ್ಲ ಇಂಥ ತೋಟಗಳು ಪ್ರಪಂಚಕ್ಕೆಲ್ಲ ಬೀಜ ಹಂಚುತ್ತಿದ್ದವಂತೆ. ಈಗ ಯಾಕೆ ಈ ಜಿಪುಣತನ? ಕೆಳಗೆ ಬಿದ್ದ ಬೀಜವನ್ನಾದರೂ ಹೆಕ್ಕಿಕೊಂಡು ಬರಬಹುದಿತ್ತಾ?

ಸಂಪಾದಕರ ಉತ್ತರ:

ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ಕಾರಣ ಹೇಳದೆ "ಇಲ್ಲ" ಅಂದದ್ದು ತಪ್ಪು. ಆದರೆ ಜಿಪುಣತನ ಅನ್ನುವ ಮಾತನ್ನು ಒಪ್ಪಲಾರೆ. ಸಸ್ಯೋದ್ಯಾನಗಳು ಇವತ್ತಿಗೂ ಹಂಚುತ್ತವೆ. ಎಷ್ಟೋ ತೋಟಗಳು ತಮ್ಮಲ್ಲಿರುವ ಬೀಜಗಳ ಪಟ್ಟಿ ಮಾಡಿ ಬೇರೆ ತೋಟಗಳಿಗೆ ಕಳಿಸುತ್ತವೆ. ಅವರು ಬೇಕಾದದ್ದನ್ನು ಗುರುತು ಮಾಡಿ ತರಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ದುಡ್ಡಿನ ಮಾತೇ ಇರುವುದಿಲ್ಲ. ಆದರೆ ಇದು ಸಂಸ್ಥೆಯಿಂದ ಸಂಸ್ಥೆಗೆ ನಡೆಯುವ ವ್ಯವಹಾರ. ನೋಡಲು ಬಂದವರ ಕೈಗೆ ಕೊಡುವುದು ಅಪರೂಪ.

ಇನ್ನು "ಹಿಂದೆಲ್ಲ" ಅಂದಿರಿ. ಆ ಹಿಂದಿನ ಕತೆಯಲ್ಲೇ ಈಗಿನ ಬಿಗಿಗೆ ಕಾರಣ ಇದೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ರಬ್ಬರ್ ಬೀಜ ಒಣಗಿದರೆ ಸಾಯುತ್ತದೆ, ಹಾಗಾಗಿ ನೂರಕ್ಕೆ ನಾಲ್ಕೂ ಮೊಳೆಯಲಿಲ್ಲ. ಆ ಸ್ವಲ್ಪವೇ ಸಾಕಾಯಿತು! ಸಸಿಗಳು ಏಷ್ಯಾಕ್ಕೆ ಬಂದವು, ತೋಟಗಳು ಎದ್ದವು, ಮುಂದೆ ಬ್ರೆಜಿಲ್‌ನ ರಬ್ಬರ್ ವ್ಯಾಪಾರ ಕುಸಿದುಬಿತ್ತು. ಎಣ್ಣೆ ತಾಳೆಯದೂ ಇಂಥದ್ದೇ ಕತೆ. ಅದು ಆಫ್ರಿಕಾದ ಮರ. 1848ರಲ್ಲಿ ಜಾವಾದ ಬೋಗೋರ್ ಸಸ್ಯೋದ್ಯಾನದಲ್ಲಿ ನೆಟ್ಟ ನಾಲ್ಕೇ ಸಸಿಗಳ ಸಂತಾನದಿಂದ ಆಗ್ನೇಯ ಏಷ್ಯಾದ ತಾಳೆ ಉದ್ಯಮ ಶುರುವಾಯಿತು. ಗಿಡ ಎಲ್ಲಿಂದ ಬಂತೋ ಅಲ್ಲಿನ ಜನಕ್ಕೆ ಬಿಡಿಗಾಸೂ ಸಿಗಲಿಲ್ಲ.

ಇಂಥ ಅನುಭವಗಳ ಮೇಲೆಯೇ 1992ರ ಜೀವವೈವಿಧ್ಯ ಒಪ್ಪಂದ ಬಂತು. ಒಂದು ದೇಶದ ಗಿಡಮರಗಳ ಮೇಲೆ ಆ ದೇಶಕ್ಕೇ ಹಕ್ಕು ಅಂತ ಅದು ಒಪ್ಪಿಕೊಂಡಿತು. 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೊದಲು ಅನುಮತಿ ಪಡೆಯಬೇಕು, ಲಾಭ ಬಂದರೆ ಪಾಲು ಕೊಡಬೇಕು.

ಈಗ ನೀವು ಕೇಳಿದ ಗಿಡಕ್ಕೆ ಬರೋಣ. ಅದರ ಬುಡದಲ್ಲೋ ಕೊಂಬೆಯಲ್ಲೋ ಒಂದು ಸಣ್ಣ ಬಿಲ್ಲೆ, ಅದರ ಮೇಲೊಂದು ಸಂಖ್ಯೆ ಇದ್ದಿರಬೇಕು. ಆ ಸಂಖ್ಯೆಯ ಹಿಂದೆ ಒಂದು ದಾಖಲೆ ಇರುತ್ತದೆ: ಯಾವ ಕಾಡಿನಿಂದ ಬಂತು, ಯಾರು ತಂದರು, ಯಾವ ಷರತ್ತಿನ ಮೇಲೆ ಕೊಟ್ಟರು. "ಸಂಶೋಧನೆಗೆ ಮತ್ತು ಪ್ರದರ್ಶನಕ್ಕೆ ಮಾತ್ರ" ಅಂತ ಬರೆಸಿಕೊಂಡು ಕೊಟ್ಟಿದ್ದರೆ ತೋಟದವರು ಅದನ್ನು ನಿಮಗೆ ಕೊಡಲು ಬರುವುದಿಲ್ಲ. ಗಿಡ ಅವರ ನೆಲದಲ್ಲಿದೆ, ಹಕ್ಕು ಪೂರ್ತಿ ಅವರದ್ದಲ್ಲ. ಐಪೆನ್ ಎಂಬ ಒಂದು ವಿನಿಮಯ ಜಾಲವಿದೆ. ಅದರಲ್ಲಿ ಗಿಡದ ಸಂಖ್ಯೆ ನೋಡಿದರೇ ಮೂಲ ದೇಶ ಯಾವುದು, ಷರತ್ತು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಗಿಡ ಹತ್ತು ತೋಟ ಸುತ್ತಿದರೂ ಆ ಸಂಖ್ಯೆ ಬದಲಾಗುವುದಿಲ್ಲ.

ರೋಗದ ಭಯವೂ ಇದೆ. ಕಡ್ಡಿಯ ಜೊತೆ ವೈರಸ್, ಬೇರುಮಣ್ಣಿನ ಜೊತೆ ಶಿಲೀಂಧ್ರ ಸುಮ್ನೆ ಬಂದುಬಿಡುತ್ತವೆ. ಗಡಿ ದಾಟುವ ಗಿಡಕ್ಕೆ ಆರೋಗ್ಯ ಪ್ರಮಾಣಪತ್ರ ಕೇಳುವುದು ಅದಕ್ಕೇ.

ಬಿದ್ದ ಬೀಜದ ಪ್ರಶ್ನೆ ನನಗೆ ಜಾಸ್ತಿ ಹಿಡಿಸಿತು. ಕೇಳದೆ ತರಬಾರದು. ನಿಯಮದ ಮಾತು ಹಾಗಿರಲಿ, ಆ ಬೀಜವನ್ನೇ ಪೂರ್ತಿ ನಂಬುವ ಹಾಗಿಲ್ಲ. ಕಾಡಿನಲ್ಲಿ ಸಾವಿರಾರು ಮೈಲಿ ದೂರ ಇರಬೇಕಾದ ಎರಡು ಜಾತಿಗಳು ಸಸ್ಯೋದ್ಯಾನದಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಜೇನಿಗೆ ಭೂಗೋಳ ಗೊತ್ತಿಲ್ಲ. ತಾಯಿಯ ಹೆಸರು ಬಿಲ್ಲೆಯಲ್ಲಿದೆ ಸರಿ, ತಂದೆ ಯಾರು? ಬೆಳೆದ ಮೇಲೆ ಅದು ಮಿಶ್ರತಳಿ ಅಂತ ತಿಳಿದರೆ ನಿಮಗೂ ಬೇಸರ. ಅದೇ ಬೀಜ ಸಂರಕ್ಷಣೆಯ ಹೆಸರಿನಲ್ಲಿ ಕಾಡಿಗೆ ಹೋದರೆ ನಷ್ಟ ಇನ್ನೂ ದೊಡ್ಡದು. ಕಾಡಿನಿಂದಲೇ ಸಂಗ್ರಹಿಸಿದ ಬೀಜವನ್ನು ತೋಟಗಳು ಬೇರೆಯಾಗಿ ಗುರುತಿಸಿ ಕೊಡುವುದು ಇದಕ್ಕೇ. ಕಡ್ಡಿಯಿಂದ ಬೆಳೆದ ಗಿಡ ತಾಯಿಯ ನಕಲೇ, ಅದರಲ್ಲಿ ಈ ತೊಂದರೆ ಇಲ್ಲ.

ಹಾಗಂತ ಬೀಗ ಹಾಕಿಕೊಂಡು ಕೂರುವ ತೋಟಗಳ ಪರ ನಾನಿಲ್ಲ. 1987ರ ಅಕ್ಟೋಬರಿನ ಒಂದು ರಾತ್ರಿಯ ಬಿರುಗಾಳಿಗೆ ಕ್ಯೂನಲ್ಲಿ ಸುಮಾರು 700 ಮರಗಳು ಹೋದವು. ಒಂದೇ ಕಡೆ ಇಟ್ಟ ಗಿಡಕ್ಕೆ ಒಂದೇ ರಾತ್ರಿ ಸಾಕು, ಅಲ್ವಾ?

ರುವಾಂಡಾದ ಒಂದು ಪುಟ್ಟ ನೈದಿಲೆಯನ್ನೇ ನೋಡಿ. ಹೆಸರು ನಿಂಫಿಯಾ ಥರ್ಮಾರಂ, ಜಗತ್ತಿನಲ್ಲೇ ಅತಿ ಚಿಕ್ಕ ನೈದಿಲೆ. 1987ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಎಬರ್‌ಹಾರ್ಡ್ ಫಿಷರ್ ಇದನ್ನು ಒಂದು ಬಿಸಿನೀರಿನ ಬುಗ್ಗೆಯ ಅಂಚಿನಲ್ಲಿ ಕಂಡರು. ಮುಂದೆ ಆ ನೀರು ಬೇರೆ ಕಡೆ ತಿರುಗಿ ಜಾಗವೇ ಒಣಗಿತು. ಅಷ್ಟರಲ್ಲಿ ಗಿಡ ಜರ್ಮನಿಯ ಬಾನ್ ಸಸ್ಯೋದ್ಯಾನದಲ್ಲಿ ಉಳಿದಿತ್ತು. ಅಲ್ಲಿಂದ ಕ್ಯೂಗೆ ಬೀಜ ಹೋಯಿತು. ಅಲ್ಲಿ ಮೊಳಕೆಗಳು ಏಳಲೇ ಒಲ್ಲವು. ಕಾರ್ಲೋಸ್ ಮಗ್ದಲೇನಾ ಎಂಬ ತೋಟಗಾರ ಕೊನೆಗೆ ಗುಟ್ಟು ಕಂಡುಹಿಡಿದರು: ಬೇರೆ ನೈದಿಲೆಗಳ ಹಾಗೆ ನೀರಿನಲ್ಲಿ ಮುಳುಗಿಸಬಾರದು. ಎಲೆಗೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸಿಗುವಂತೆ, ನೀರಿನ ಮಟ್ಟಕ್ಕೆ ಸರಿಯಾಗಿ ಹಸಿ ಮಣ್ಣಿನಲ್ಲಿ ಬೆಳೆಸಬೇಕು. ಬಾನ್‌ನವರು "ಕೊಡೋ ಹಾಗಿಲ್ಲ" ಅಂದಿದ್ದರೆ ಈ ಗುಟ್ಟು ಆಗ ಹೊರಗೆ ಬರುತ್ತಿರಲಿಲ್ಲ. ವಿಪರ್ಯಾಸ ನೋಡಿ, 2014ರ ಜನವರಿಯಲ್ಲಿ ಕ್ಯೂನ ಗಾಜಿನ ಮನೆಯಿಂದ ಇದೇ ನೈದಿಲೆಯ ಒಂದು ಗಿಡವನ್ನು ಯಾರೋ ಕಿತ್ತುಕೊಂಡು ಹೋದರು. ತೋಟದವರು ಕೇಳಿದವರನ್ನೆಲ್ಲ ಅನುಮಾನದಿಂದ ನೋಡುವುದಕ್ಕೆ ಇಂಥ ಘಟನೆಗಳೂ ಕಾರಣ.

ಆಸ್ಟ್ರೇಲಿಯಾದವರು ಬೇರೆ ದಾರಿ ಹಿಡಿದರು. 1994ರಲ್ಲಿ ವೊಲೆಮೈ ಪೈನ್ ಎಂಬ ಅಪರೂಪದ ಮರ ಸಿಕ್ಕಾಗ ಕಾಡಿನಲ್ಲಿದ್ದ ದೊಡ್ಡ ಮರಗಳು ನೂರಕ್ಕಿಂತ ಕಡಿಮೆ. ಜಾಗವನ್ನು ಗುಟ್ಟಾಗಿಟ್ಟು, ಗಿಡ ಮಾಡಿ, 2005-06ರ ಹೊತ್ತಿಗೆ ಜನರಿಗೇ ಮಾರಿದರು. ದುಡ್ಡು ಕೊಟ್ಟರೆ ಸಿಗುವ ಗಿಡಕ್ಕಾಗಿ ಕಾಡಿಗೆ ನುಗ್ಗುವವರು ಯಾರು? ನನಗೆ ಮೆಚ್ಚುಗೆಯಾದ ದಾರಿ ಇದೇ. ಷರತ್ತಿಲ್ಲದ ಗಿಡಗಳನ್ನಾದರೂ ಹೀಗೆ ಹೆಚ್ಚಿಸಿ ಮಾರುವ ತೋಟಗಳು ಇನ್ನಷ್ಟು ಬೇಕು.

ನೀವು ಇನ್ನೊಮ್ಮೆ ಕೇಳಿ ನೋಡಿ, ಆದರೆ ಗೇಟಿನ ಹತ್ತಿರ ಅಲ್ಲ. ಸಂಗ್ರಹ ನೋಡಿಕೊಳ್ಳುವ ಅಧಿಕಾರಿಗೆ ಬರೆಯಿರಿ. ಗಿಡದ ವೈಜ್ಞಾನಿಕ ಹೆಸರು, ಬಿಲ್ಲೆಯ ಸಂಖ್ಯೆ, ಯಾಕೆ ಬೇಕು, ಎಷ್ಟು ಬೇಕು, ಎಲ್ಲವೂ ಇರಲಿ. ಡಿಎನ್‌ಎ ಅಧ್ಯಯನಕ್ಕಾದರೆ ಸಿಲಿಕಾ ಜೆಲ್‌ನಲ್ಲಿ ಒಣಗಿಸಿದ ಒಂದು ಚೂರು ಎಲೆ ಸಾಕು, ಜೀವಂತ ಕಡ್ಡಿ ಕೇಳಬೇಡಿ. ಮನೆಯಂಗಳಕ್ಕಾದರೆ ಹೆಚ್ಚುವರಿ ಸಸಿಗಳ ಮಾರಾಟ ಯಾವಾಗ ಅಂತ ವಿಚಾರಿಸಿ. ಕೊಡಲು ಒಪ್ಪಿದರೆ ಒಂದು ಒಪ್ಪಂದ ಪತ್ರ ಬರಬಹುದು. ವ್ಯಾಪಾರ ಮಾಡಬಾರದು, ಅನುಮತಿ ಇಲ್ಲದೆ ಮೂರನೆಯವರಿಗೆ ಕೊಡಬಾರದು ಅಂತ ಅದರಲ್ಲಿ ಇರುತ್ತದೆ. ಓದಿ ಸಹಿ ಹಾಕಿ. ಗಿಡ ಸತ್ತರೂ ಒಂದು ಸಾಲು ಬರೆದು ತಿಳಿಸಿ, ಅವರ ದಾಖಲೆಗೆ ಅದೂ ಬೇಕು.