ಆ ಕೋಣೆ ಬೇಕೇ?

ನಿಮ್ಮ ಪತ್ರ ಓದಿ ತಪ್ಪಿತಸ್ಥ ಭಾವ ಕಾಡಿತು. ಎಂಟು ವರ್ಷದ ಮಗನ ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳು ಹುಟ್ಟಿನಿಂದಲೇ ಇಲ್ಲ ಎಂದು ತಿಳಿದ ಮೇಲೆ ಅವನನ್ನು ಒಂದೇ ಕೋಣೆಯಲ್ಲಿ ಇರಿಸಿದ್ದೀರಿ. ಪುಟ್ಟ ತಂಗಿಗೆ ಲಸಿಕೆ ಹಾಕಿಸಲೂ ಭಯ ಎಂದಿದ್ದೀರಿ. ‘ಇಂಥ ಮಕ್ಕಳನ್ನು ಜನರಿಂದ ಪೂರ್ತಿ ದೂರವಿಡಿ’ ಎಂಬ ಸಾಲು ನಮ್ಮ ಪತ್ರಿಕೆಯದೇ. ಹಾಗೆ ಬರೆಯಬಾರದಿತ್ತು.

ಆ ಮಾತಿನ ಹಿಂದೆ ಇರುವುದು ಬಹುಶಃ ಅಮೆರಿಕದ ಡೇವಿಡ್ ವೆಟರ್‌ನ ನೆನಪು. 1971ರಲ್ಲಿ ಹುಟ್ಟಿದ ಆ ಹುಡುಗ ಹನ್ನೆರಡು ವರ್ಷ ಪ್ಲಾಸ್ಟಿಕ್ ಗೂಡಿನೊಳಗೇ ಬೆಳೆದ. ಅವನದು ಇನ್ನೂ ತೀವ್ರವಾದ ಬೇರೆ ಕಾಯಿಲೆ. ನಿಮ್ಮ ಮಗನಿಗೆ ಹತ್ತಿರದ ಕಥೆ 1952ರದು: ಆಗ್ಡೆನ್ ಬ್ರೂಟನ್ ಎಂಬ ವೈದ್ಯರು ಪದೇ ಪದೇ ಸೋಂಕಿಗೆ ತುತ್ತಾಗುತ್ತಿದ್ದ ಎಂಟೇ ವರ್ಷದ ಹುಡುಗನಲ್ಲಿ ಈ ಕೊರತೆ ಗುರುತಿಸಿ, ಬೇರೆಯವರ ರಕ್ತದಿಂದ ಪಡೆದ ಪ್ರತಿಕಾಯಗಳನ್ನು ಚುಚ್ಚುಮದ್ದಾಗಿ ಕೊಟ್ಟರು. ಇಂದಿನ ಇಮ್ಯುನೋಗ್ಲಾಬ್ಯುಲಿನ್ (ಅಂದರೆ ಪ್ರತಿಕಾಯ) ಚಿಕಿತ್ಸೆ ಅದರದೇ ಮುಂದುವರಿಕೆ. ರಕ್ತನಾಳದ ಮೂಲಕವಾದರೆ ಮೂರು-ನಾಲ್ಕು ವಾರಕ್ಕೊಮ್ಮೆ. ಒಂದು ಡೋಸೂ ತಪ್ಪದಿರಲಿ. ಕೋಣೆಗಿಂತ ಅದು ದೊಡ್ಡ ಕಾವಲು.

ಇನ್ನು ತಂಗಿಯ ವಿಷಯ. ದಯವಿಟ್ಟು ಲಸಿಕೆ ಹಾಕಿಸಿ. ಮನೆಯವರಿಗೆ ರೋಗ ಬಾರದಿದ್ದರೆ ಅವನಿಗೆ ತಲುಪುವ ದಾರಿಯೂ ಕಡಿಮೆ. ದಡಾರದ ಲಸಿಕೆಯೂ ಅವಳಿಗೆ ಆಗಬಹುದು. ಬಾಯಿಗೆ ಹಾಕುವ ಪೋಲಿಯೊ ಹನಿ ಮಾತ್ರ ಬೇಡ, ಚುಚ್ಚುಮದ್ದಿನ ಪೋಲಿಯೊ ಲಸಿಕೆ ಕೇಳಿ. ಹನಿಯಲ್ಲಿರುವ ಜೀವಂತ ವೈರಸ್ ವಾರಗಟ್ಟಲೆ ಮಲದಲ್ಲಿ ಹೊರಬೀಳುತ್ತದೆ. ಪ್ರತಿಕಾಯವಿಲ್ಲದವರಿಗೆ ಈ ಜಾತಿಯ ವೈರಸ್‌ಗಳೇ ವಿಶೇಷ ಅಪಾಯ. ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಲಸಿಕೆಯ ನಂತರ ಅವಳ ಮೈಮೇಲೆ ಗುಳ್ಳೆ ಎದ್ದರೆ, ಅವು ಒಣಗುವವರೆಗೆ ಇಬ್ಬರನ್ನೂ ಪರಸ್ಪರ ದೂರವಿರಿಸಿ. ಮಗನಿಗೆ ಮಾತ್ರ ಜೀವಂತ ಲಸಿಕೆ ಯಾವುದೂ ಕೂಡದು.

ಕೈ ತೊಳೆಯುವುದನ್ನು ನಿಮಗೆ ಹೇಳಿಕೊಡಬೇಕಿಲ್ಲ. ಭೇದಿ ಹರಡುವ ಕೆಲವು ವೈರಸ್‌ಗಳು ಸ್ಯಾನಿಟೈಸರಿಗೆ ಜಗ್ಗುವುದಿಲ್ಲ ಎಂಬುದಷ್ಟು ನೆನಪಿರಲಿ, ಸೋಪು-ನೀರೇ ಬೇಕು. ಕುಡಿಯುವ ನೀರನ್ನು ಕುದಿಸಿ: ಈ ಮಕ್ಕಳ ಕರುಳಿಗೆ ಜಿಯಾರ್ಡಿಯಾ ಎಂಬ ಪರೋಪಜೀವಿ ಹೊಕ್ಕರೆ ಸುಲಭಕ್ಕೆ ಬಿಡದು. ಕಾಯಿಸದ ಹಾಲು, ಅರೆಬೆಂದ ಮೊಟ್ಟೆ ಬೇಡ.

ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕೂರಬೇಡಿ, ರಾತ್ರಿಯಾದರೂ ಹೊರಡಿ. ಕಾಯಿಲೆಯ ಹೆಸರು, ಕೊನೆಯ ಡೋಸಿನ ದಿನಾಂಕ ಬರೆದ ಚೀಟಿ ಜೊತೆಗಿರಲಿ. ತುರ್ತು ವಿಭಾಗದಲ್ಲಿ ಅಪರಿಚಿತ ವೈದ್ಯರಿಗೆ ಎಲ್ಲವನ್ನೂ ಮೊದಲಿನಿಂದ ವಿವರಿಸುವಷ್ಟು ಸಮಯ ಇರುವುದಿಲ್ಲ.

ಶಾಲೆಗೆ ಕಳಿಸಬಹುದೇ ಎಂದು ಅವನ ವೈದ್ಯರನ್ನೇ ಕೇಳಿ. ಚಿಕಿತ್ಸೆ ಸರಿಯಾಗಿ ಸಾಗುತ್ತಿದ್ದರೆ ಇಂಥ ಅನೇಕ ಮಕ್ಕಳು ಹೋಗುತ್ತಾರೆ. ತರಗತಿಯಲ್ಲಿ ಯಾರಿಗಾದರೂ ದಡಾರ, ಸೀತಾಳೆ ಸಿಡುಬು ಕಾಣಿಸಿದರೆ ಅಂದೇ ಫೋನು ಮಾಡಬೇಕೆಂದು ಶಿಕ್ಷಕರಿಗೆ ಹೇಳಿಡಿ. ನಮ್ಮ ಆ ಸಾಲಿಗೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ.

– ಸಂಪಾದಕ