ಏರಿ ಮೇಲೆ ನಡಿಗೆ, ಏರಿ ಹಿಂದೆ ಸೈಕಲ್

ಊರ ಕೆರೆ, ಹೊಳೆ, ಹಿನ್ನೀರ ದಂಡೆಗಳಲ್ಲಿ ವಾಕಿಂಗ್ ಮತ್ತು ಸೈಕಲ್ ದಾರಿ ಮಾಡುವ ಬಗ್ಗೆ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳು, ಅವಕ್ಕೆ ನಮ್ಮ ಎಂಜಿನಿಯರ್ ಬಳಗದ ಉತ್ತರಗಳು.

ನಮ್ಮೂರ ಕೆರೆ ಏರಿ ಮೇಲ್ಗಡೆ 3 ಮೀಟರ್ ಅಗಲವಿದೆ. ಟೈಲ್ಸ್ ಹಾಕಿ ನಡೆಯುವವರಿಗೂ ಸೈಕಲ್‌ನವರಿಗೂ ದಾರಿ ಮಾಡುವ ಯೋಜನೆಯಿದೆ. ಸಾಲದಿದ್ದರೆ ನೀರಿನ ಕಡೆ ಮಣ್ಣು ತುಂಬಿ ಅಗಲ ಮಾಡಬಹುದೇ? (ಓದುಗರು, ಕೋಲಾರ ಜಿಲ್ಲೆ)

ಅಗಲ ಸಾಲದು, ನೀರಿನ ಕಡೆ ತುಂಬುವುದೂ ಬೇಡ. ಎರಡೂ ಅಂಚಿನಲ್ಲಿ ಅರ್ಧರ್ಧ ಮೀಟರ್ ಬಿಟ್ಟರೆ ಉಳಿಯುವುದು 2 ಮೀಟರ್. ಎದುರುಬದುರು ಬರುವ ಇಬ್ಬರು ನಡೆದು ಹೋಗಲು ಅಷ್ಟು ಸಾಕು. ಸೈಕಲ್ ಎರಡೂ ದಿಕ್ಕಿಗೆ ಓಡಬೇಕಾದರೆ ಅದಕ್ಕೇ 2.5 ಮೀಟರ್, ನಡಿಗೆಗೆ 1.8, ನಡುವೆ ಅರ್ಧ ಮೀಟರ್, ಹೀಗೆ ಒಟ್ಟು 5 ಮೀಟರ್ ಹತ್ತಿರ ಬೇಕಾಗುತ್ತದೆ. ಏರಿಯನ್ನು ನಡೆಯುವವರಿಗೆ ಬಿಡಿ. ಸೈಕಲ್ ದಾರಿಯನ್ನು ಏರಿ ಹಿಂದೆ, ಹಿಂಬದಿಯ ಇಳಿಜಾರು ನೆಲ ಮುಟ್ಟುವ ಪಾದದಿಂದ ಆಚೆ ತನ್ನಿ.

ನೀರಿನ ಕಡೆ ಸಡಿಲ ಮಣ್ಣು ಸುರಿದರೆ ಅದು ಕಲ್ಲುಹೊದಿಕೆಯ ಮೇಲೆ ಕೂರದೆ ಜಾರುತ್ತದೆ, ಕೆರೆ ಹಿಡಿಯುವ ನೀರೂ ಕಡಿಮೆಯಾಗುತ್ತದೆ. ಅಗಲ ಮಾಡಲೇಬೇಕಿದ್ದರೆ ಹಿಂಬದಿಗೆ ಮಾಡಬೇಕು. ಹಳೇ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಹೊಸ ಮಣ್ಣನ್ನು 20–25 ಸೆಂ.ಮೀ. ಪದರಗಳಲ್ಲಿ ಹಾಸಿ, ನೀರು ಕೊಟ್ಟು, ರೋಲರ್ ಹೊಡೆಸಬೇಕು. ಮೆಟ್ಟಿಲು ಕಡಿಯದೆ ಸುರಿದ ಮಣ್ಣು ಮೊದಲ ಜೋರು ಮಳೆಗೇ ಹಳೇ ಮೈ ಬಿಟ್ಟು ಸೀಳುತ್ತದೆ.

ಟೈಲ್ಸ್ ಹಾಕುವ ಮುಂಚೆ ಏರಿ ಪಾದದ ಉದ್ದಕ್ಕೂ ಒಮ್ಮೆ ನಡೆಯಿರಿ. ಒಂದೆರಡು ಕಡೆ ನೀರು ಜಿನುಗುತ್ತಿರುತ್ತದೆ. ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ, ಆದರೆ ಹರಿವು ಹೆಚ್ಚುತ್ತಿದೆಯೇ ಎಂದು ನೋಡುತ್ತಿರಬೇಕು. ಕೆಸರು ಬೆರೆತಿದ್ದರೆ ಏರಿಯ ಒಳಗಿಂದ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ, ಅದನ್ನು ಅಂದೇ ಕೆರೆ ನೋಡಿಕೊಳ್ಳುವ ಇಲಾಖೆಗೆ ತಿಳಿಸಬೇಕು. ಪಾದದ ಮೇಲೆ ಕಾಂಕ್ರೀಟ್ ಹೊದಿಸಿದ ಊರುಗಳಲ್ಲಿ ಈ ಜಿನುಗು ಯಾರ ಕಣ್ಣಿಗೂ ಬೀಳುವುದಿಲ್ಲ. ಸೈಕಲ್ ದಾರಿಯನ್ನು ಪಾದಕ್ಕೆ ಅಂಟಿಸಬೇಡಿ ಅನ್ನುವುದು ಇದಕ್ಕೇ.

ಏರಿ ಮೇಲೆ ನೆರಳಿಗೆಂದು ಗಿಡ ನೆಡುವುದೂ ಬೇಡ. ಮರ ಸತ್ತ ಮೇಲೆ ಬೇರು ಕೊಳೆತ ಜಾಗವೇ ನೀರಿಗೆ ದಾರಿ. ಹೊಂಗೆ, ನೇರಳೆಗಳನ್ನು ಪಾದದಿಂದ 10–15 ಮೀಟರ್ ಆಚೆ ನೆಟ್ಟರೆ ಸೈಕಲ್‌ನವರಿಗೆ ನೆರಳೂ ಆಯಿತು.

ಕೋಡಿಯ ವಿಷಯದಲ್ಲಿ ರಾಜಿ ಇಲ್ಲ. ದಾರಿ ಎಡೆಬಿಡದೆ ಸಾಗಲಿ ಎಂದು ಕೋಡಿಗೆ ಎರಡು ಸಿಮೆಂಟ್ ಪೈಪ್ ಇಟ್ಟು ಮಣ್ಣು ಮುಚ್ಚುವುದನ್ನು ಅಲ್ಲಲ್ಲಿ ಕಾಣುತ್ತೇವೆ. ಕಳೆ, ಪ್ಲಾಸ್ಟಿಕ್ ಸಿಕ್ಕಿ ಪೈಪ್ ಕಟ್ಟಿದರೆ ನೀರು ಏರಿಯ ಮೇಲೆಯೇ ಉಕ್ಕಿ, ಹಿಂಬದಿಯ ಮಣ್ಣು ಕೊರೆದು, ಏರಿ ಒಡೆಯುತ್ತದೆ. ಅಲ್ಲಿ ಕಾಲುಸೇತುವೆಯೇ ಆಗಬೇಕು. ನಡುವೆ ಕಂಬ ಇರಕೂಡದು, ಕೋಡಿ ಹರಿದಾಗಿನ ಅತಿ ಎತ್ತರದ ನೀರಿಗಿಂತ ಕನಿಷ್ಠ ಅರ್ಧ ಮೀಟರ್ ಮೇಲಿರಬೇಕು.

ಕೆರೆ ಯಾರದ್ದು ಎಂಬುದನ್ನು ಮೊದಲು ತಿಳಿದುಕೊಳ್ಳಿ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು (ಕೆರೆ ನೀರುಣ್ಣುವ ಜಮೀನು) ಇರುವವು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ ಸೇರಿರುತ್ತವೆ, ಪುರಸಭೆಯ ನಿರ್ಣಯ ಒಂದೇ ಸಾಲದು. ಹದ್ದುಬಸ್ತು ಅಳತೆ ಮಾಡಿಸಿ ಕಲ್ಲು ನೆಡಿಸದೆ ಟೆಂಡರ್ ಕರೆದರೆ ಕೆಲಸ ಅರ್ಧಕ್ಕೆ ಬಂದಾಗ ತಕರಾರು ಶುರುವಾಗುತ್ತದೆ.

ಇಂಟರ್‌ಲಾಕ್ ಟೈಲ್ಸ್ ಎರಡೇ ವರ್ಷಕ್ಕೆ ಎದ್ದು ಹೋಗುತ್ತವೆ. ಬರೀ ಮೊರಂ (ಗರಸು ಮಣ್ಣು) ಸಾಕೇ? (ಓದುಗರು, ಹಾವೇರಿ)

ಹೊಸದಾಗಿ ಮಣ್ಣು ತುಂಬಿದ ಜಾಗ ಕೂರಲು ಒಂದೆರಡು ಮಳೆಗಾಲ ಬೇಕು, ಅಲ್ಲಿಯವರೆಗೆ ಮೊರಮ್ಮೇ ವಾಸಿ. 10–15 ಸೆಂ.ಮೀ. ದಪ್ಪ ಹಾಸಿ, ನೀರು ಹಾಕಿ, ರೋಲರ್ ಹೊಡೆಸಿ. ಏರಿಯ ಮೇಲಾದರೆ ಸ್ವಲ್ಪ ಓರೆಯನ್ನು ನೀರಿನ ಕಡೆಗೆ ಕೊಡಿ, ಮೀಟರಿಗೆ ಎರಡರಿಂದ ಮೂರು ಸೆಂ.ಮೀ. ಸಾಕು. ಹಿಂಬದಿಗೆ ಇಳಿಯುವ ಮಳೆನೀರು ಏರಿಯ ಬೆನ್ನಿನಲ್ಲಿ ಕೊರಕಲು ಮಾಡುತ್ತದೆ.

ಟೈಲ್ಸ್ ಏಳುವುದು ಟೈಲ್ಸಿನ ತಪ್ಪಲ್ಲ. ತಳ ಗಟ್ಟಿಯಾಗಿಲ್ಲದ ಕಡೆ ಮಟ್ಟ ಸರಿಮಾಡಲು 8–10 ಸೆಂ.ಮೀ. ಮರಳು ಸುರಿಯುತ್ತಾರೆ, ಬೇಕಿರುವುದು 2.5–3 ಸೆಂ.ಮೀ. ಮಾತ್ರ. ಅಂಚಿಗೆ ಕಾಂಕ್ರೀಟ್ ಕಟ್ಟೆ ಇಲ್ಲದಿದ್ದರೆ ಸಾಲು ಪಕ್ಕಕ್ಕೆ ಸರಿದು ಸಂದಿ ಬಿಡುತ್ತದೆ, ಸಂದಿಯ ಮರಳು ತೊಳೆದುಹೋಗುತ್ತದೆ, ಆಮೇಲೆ ಒಂದೊಂದೇ ಬಿಲ್ಲೆ ಕುಣಿಯುತ್ತದೆ. ನಡಿಗೆಗೆ 60 ಮಿ.ಮೀ. ದಪ್ಪದ್ದು ಸಾಕು. ಹೂಳು ತೆಗೆಯುವ ಟಿಪ್ಪರ್ ಅದೇ ದಾರಿಯಲ್ಲಿ ಬರುವುದಾದರೆ 80 ಮಿ.ಮೀ. ಹಾಕಿಸಿ, ಕೆಳಗಿನ ಜಲ್ಲಿ ಪದರವನ್ನೂ ಲಾರಿ ಭಾರಕ್ಕೇ ಕಟ್ಟಿಸಿ.

ಇನ್ನೊಂದು ಮಾತು. ದಾರಿಗೆ ಅಡ್ಡ ಬರುವ ಚರಂಡಿಯ ಕಬ್ಬಿಣದ ಜಾಲರಿಯಲ್ಲಿ ಸರಳುಗಳು ಸೈಕಲ್ ಸಾಗುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕಿದ್ದರೆ ಮುಂದಿನ ಚಕ್ರ ಸಂದಿಯಲ್ಲಿ ಇಳಿದು ಸವಾರ ಹ್ಯಾಂಡಲ್ ಮೇಲಿಂದ ಎಗರಿ ಬೀಳುತ್ತಾನೆ. ಕೂರಿಸುವ ದಿನ ನೀವೇ ನಿಂತು ನೋಡಿ.

ದಾರಿಗೆ ಬೈಕ್ ನುಗ್ಗದಂತೆ ಮಾಡುವುದು ಹೇಗೆ? ತಿರುಗುವ ಗೇಟ್ ಹಾಕಿಸೋಣವೇ? (ಓದುಗರು, ಶಿವಮೊಗ್ಗ)

ತಿರುಗುವ ಗೇಟ್ ಹಾಕಿದರೆ ಬೈಕಿನ ಜೊತೆಗೆ ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ, ಸೈಕಲ್ ಎಲ್ಲವೂ ಹೊರಗುಳಿಯುತ್ತವೆ. ಗಾಲಿಕುರ್ಚಿಗೆ 90 ಸೆಂ.ಮೀ. ಬೇಕು, ಸ್ಕೂಟರ್ ಹ್ಯಾಂಡಲ್ ಅದಕ್ಕಿಂತ ಕಿರಿದು. ಅಂದರೆ ಅಜ್ಜಿಯ ಗಾಲಿಕುರ್ಚಿ ಹೋಗುವಲ್ಲಿ ಮೊಮ್ಮಗನ ಸ್ಕೂಟರೂ ಹೋಗುತ್ತದೆ. ಕಂಬಗಳು ಆಟೊ, ಕಾರನ್ನು ತಡೆಯಲಿ ಎಂದುಕೊಂಡು 1.2 ಮೀಟರ್ ಅಂತರದಲ್ಲಿ, ಒಂದು ಮೀಟರ್ ಎತ್ತರಕ್ಕೆ, ಹೊಳೆಯುವ ಪಟ್ಟಿ ಅಂಟಿಸಿ ನೆಡಿ. ಕಂಬದಿಂದ ಕಂಬಕ್ಕೆ ಸರಪಳಿ ಮಾತ್ರ ಬೇಡ, ಮುಸ್ಸಂಜೆ ಸೈಕಲ್‌ನವರಿಗೆ ಅದು ಕಾಣುವುದಿಲ್ಲ.

ಬೈಕ್ ಒಳಗೆ ಬರುವುದು ಬಹುಪಾಲು ಎರಡು ಕಾರಣಕ್ಕೆ. ಬಾಗಿಲ ಬಳಿ ನಿಲ್ಲಿಸಲು ಜಾಗವಿಲ್ಲ, ಇಲ್ಲವೇ ನಿಮ್ಮ ದಾರಿ ಎರಡು ರಸ್ತೆಗಳ ನಡುವಿನ ಒಳದಾರಿಯಾಗಿದೆ. ಮೊದಲನೆಯದಕ್ಕೆ ಪ್ರವೇಶದ ಪಕ್ಕದಲ್ಲೇ ಪಾರ್ಕಿಂಗ್ ಕೊಡಿ. ಎರಡನೆಯದಕ್ಕೆ ಚಹಾ ಅಂಗಡಿಯ ಕಣ್ಣಳತೆಯಲ್ಲಿ ಪ್ರವೇಶ ಇಡಿ, ಒಂದು ತುದಿಗೆ ಬೆಳಗ್ಗೆ ಸಂಜೆ ಕಾವಲುಗಾರ ಬೇಕೇ ಬೇಕು.

ಕುಂದಾಪುರದಲ್ಲಿ ಹೊಳೆ ದಂಡೆಗೆ ಇಂಥ ದಾರಿ ಮಾಡಲು ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ಅಡ್ಡ ಬರುತ್ತದೆಯೇ? ಹೈಮಾಸ್ಟ್ ದೀಪ ಹಾಕಬಹುದೇ? (ಓದುಗರು, ಉಡುಪಿ ಜಿಲ್ಲೆ)

ಅಲ್ಲಿನ ಪಂಚಗಂಗಾವಳಿ ಹೊಳೆಗೆ ಉಬ್ಬರದ ನೀರು ಹತ್ತುವುದರಿಂದ ಅನ್ವಯಿಸುತ್ತದೆ. 2019ರ ಅಧಿಸೂಚನೆಯ ಪ್ರಕಾರ ಇಂಥ ಹೊಳೆಗಳಲ್ಲಿ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಭಾಗ ಸಿಆರ್‌ಝಡ್. ಗೆರೆಯನ್ನು ಕಣ್ಣಂದಾಜಿಗೆ ಎಳೆಯಬೇಡಿ, ಮಂಜೂರಾದ ಕರಾವಳಿ ನಕ್ಷೆಯಲ್ಲಿ ನೋಡಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುವ ತುಂಡು ಇನ್ನೂ ಬಿಗಿಯಾದ ವರ್ಗಕ್ಕೆ ಸೇರುತ್ತದೆ. ಅಲ್ಲಿ ಮಣ್ಣು ತುಂಬುವಂತಿಲ್ಲ. ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆದಾರಿಯ ಹಾಗೆ ಕಂಬದ ಮೇಲಿನ ಹಲಗೆ ದಾರಿ ಒಂದು ಉಪಾಯ, ಅದೂ ಯೋಜನೆ ನಕ್ಷೆಯೊಳಗೆ ಸೇರಿದ್ದರೆ ಮಾತ್ರ. ಮಳೆಗಾಲದಲ್ಲಿ ಹಲಗೆ ಪಾಚಿಗಟ್ಟುತ್ತದೆ, ಸೈಕಲ್ ಬಿಡಬೇಡಿ. ಉಪ್ಪುನೀರಿಗೆ ಮಾಮೂಲಿ ಬೋಲ್ಟ್ ತಾಳುವುದಿಲ್ಲ, ಸ್ಟೇನ್‌ಲೆಸ್ 316 ದರ್ಜೆಯದು ಹಾಕಿಸಿ.

ಹೈಮಾಸ್ಟ್ ಬೇಡ. ಅದರ ಬೆಳಕು ದಾರಿಗಿಂತ ಹೆಚ್ಚಾಗಿ ನೀರಿನ ಮೇಲೆ ಬೀಳುತ್ತದೆ, ಹುಳು ಮುತ್ತಿ ಸಂಜೆ ನಡೆಯುವವರೇ ಬೈದುಕೊಳ್ಳುತ್ತಾರೆ. 3–4 ಮೀಟರ್ ಕಂಬ, ಮೇಲಕ್ಕೆ ಬೆಳಕು ಚೆಲ್ಲದ ಮುಚ್ಚಳ, 3000 ಕೆಲ್ವಿನ್‌ಗಿಂತ ಕಡಿಮೆಯ ಹಳದಿ ಬೆಳಕು ಸಾಕು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಹಾಗೆ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿ ಗೂಡುಕಟ್ಟುವ ಜಾಗವಿದ್ದರೆ ಆ ಬದಿಗೆ ದೀಪವನ್ನೇ ಹಾಕದೆ, ದಾರಿಯನ್ನು ಅಲ್ಲಿ ನೀರಿನಿಂದ ದೂರ ತಿರುಗಿಸಿ.